‘ಶಿಷ್ಯ’ ಶಬ್ದದ ಕ್ರೈಸ್ತಾರ್ಥ: ಶಿವಮೊಗ್ಗ-ಭದ್ರಾವತಿಗಳ ನಿದರ್ಶನ

ಕ್ರೈಸ್ತಧರ್ಮವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯು ಬಹುಮಟ್ಟಿಗೆ ‘ಮತಾಂತರ’ವೆಂಬ ಒಂದೇ ಪದವನ್ನು ಆಶ್ರಯಿಸಿರುತ್ತದೆ. ಆದರೆ ಆ ಧರ್ಮದ ಮೂಲಗ್ರಂಥಗಳು ತಮ್ಮ ಅನುಯಾಯಿಯನ್ನು ಸಾಮಾನ್ಯವಾಗಿ ಕರೆಯುವುದು ಶಿಷ್ಯನೆಂದು. ಈ ಎರಡು ಪದಗಳ ಅಂತರವನ್ನು ಗ್ರಹಿಸದೆ, ನಂಬಿಕೆಯನ್ನು ಇತರರೊಡನೆ ಹಂಚಿಕೊಳ್ಳುವುದೆಂದರೇನು, ನಂಬಿದವನು ಅದರಲ್ಲಿ ಬೆಳೆಯುವುದೆಂದರೇನು ಎಂಬುದನ್ನು ವಿವೇಚಿಸಲಾಗದು. ಆದುದರಿಂದ ಇಲ್ಲಿ ಮೊದಲು ಆ ಶಬ್ದದ ಅರ್ಥವನ್ನು ಪರಿಶೀಲಿಸಿ, ಅನಂತರ ಶಿವಮೊಗ್ಗ, ಭದ್ರಾವತಿಗಳ ಸ್ಥಿತಿಗೆ ಅದನ್ನು ಅನ್ವಯಿಸಿ ನೋಡಲಾಗುವುದು.

ಗ್ರೀಕ್ ಮೂಲದಲ್ಲಿರುವ ಪದ ‘ಮಥೇತೇಸ್’. ಕಲಿಯುವವನು ಎಂಬುದು ಅದರ ಅರ್ಥ. ಹೊಸ ಒಡಂಬಡಿಕೆಯಲ್ಲಿ ಈ ಪದವು ನಾಲ್ಕು ಸುವಾರ್ತೆಗಳಲ್ಲಿಯೂ ಅಪೊಸ್ತಲರ ಕೃತ್ಯಗಳಲ್ಲಿಯೂ ಮಾತ್ರ ಬರುತ್ತದೆ, ಪತ್ರಿಕೆಗಳಲ್ಲಿ ಬರುವುದಿಲ್ಲ. ‘ಕ್ರೈಸ್ತರು’ ಎಂಬ ಹೆಸರು ಅಂತಿಯೋಕ್ಯದಲ್ಲಿ ಮೊದಲು ಹುಟ್ಟಿತೆಂದು ಕೃತ್ಯಗಳ 11ನೆಯ ಅಧ್ಯಾಯವು ತಿಳಿಸುತ್ತದೆ. ಆ ಹೆಸರನ್ನು ಪಡೆದವರು ಅದಕ್ಕೆ ಮುಂಚೆಯೇ ಶಿಷ್ಯರಾಗಿದ್ದವರು. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಬರುವ ಆಜ್ಞೆಯ ವಾಕ್ಯರಚನೆಯೂ ಗಮನಾರ್ಹವಾದುದು. ಅಲ್ಲಿ ‘ಶಿಷ್ಯರನ್ನಾಗಿ ಮಾಡುವುದು’ ಎಂಬುದೊಂದೇ ಪ್ರಧಾನ ಕ್ರಿಯಾಪದ. ಹೋಗುವುದು, ದೀಕ್ಷೆ ಕೊಡುವುದು, ಉಪದೇಶಿಸುವುದು ಎಂಬ ಮೂರೂ ಅದಕ್ಕೆ ಅಧೀನವಾದ ಕೃದಂತಗಳು. ಎಂದರೆ ಸಾರುವುದು ಒಂದು ಕಾರ್ಯ, ಬೆಳೆಸುವುದು ಮತ್ತೊಂದು ಕಾರ್ಯ ಎಂಬ ಭೇದವು ಮೂಲದಲ್ಲಿಲ್ಲ. ದೀಕ್ಷೆಯಲ್ಲಿಯೇ ಆ ವಾಕ್ಯವು ನಿಲ್ಲದೆ ಉಪದೇಶದವರೆಗೂ ಸಾಗುತ್ತದೆ.

ಈ ಭಾವನೆಯನ್ನು ಕನ್ನಡಕ್ಕೆ ತರುವ ಕೆಲಸವು ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಕವಾಗಿ ನಡೆಯಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರಲ್ಲಿ ಸಮಗ್ರ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಕಿಟೆಲ್ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಪದ್ಯರೂಪದಲ್ಲಿ ರಚಿಸಿದರು. ಪಾರಿಭಾಷಿಕ ಶಬ್ದಗಳಲ್ಲಿ ಪಂಗಡಗಳ ನಡುವೆ ಒಮ್ಮತವೇನೂ ಮೂಡಲಿಲ್ಲ. ಪ್ರಾಟೆಸ್ಟಂಟರ ಸುವಾರ್ತೆಯು ಕಥೋಲಿಕರಲ್ಲಿ ಶುಭಸಂದೇಶ. ಅವರ ಅಪೊಸ್ತಲನು ಇವರಿಗೆ ಪ್ರೇಷಿತ. ಅವರ ದೀಕ್ಷಾಸ್ನಾನವು ಇವರ ಸ್ನಾನದೀಕ್ಷೆ. ಆದರೆ ‘ಶಿಷ್ಯ’ ಎಂಬ ಪದವು ಮಾತ್ರ ಉಭಯತ್ರ ಒಂದೇ ಆಗಿ ನಿಂತಿದೆ.

ಆ ಪದಕ್ಕೆ ಕನ್ನಡ ನಾಡಿನಲ್ಲಿ, ವಿಶೇಷವಾಗಿ ಮಠಗಳ ನೆಲೆಯಾದ ಮಲೆನಾಡಿನಲ್ಲಿ, ಮೊದಲಿನಿಂದಲೂ ಎರಡು ಅರ್ಥಗಳುಂಟು. ಗುರುವಿನ ಬಳಿ ಕುಳಿತು ಕಲಿಯುವವನು ಶಿಷ್ಯ. ಒಂದು ಮಠಕ್ಕೆ ವಂಶಪರಂಪರೆಯಾಗಿ ನಡೆದುಕೊಳ್ಳುವ ಮನೆತನದವನೂ ಶಿಷ್ಯನೇ; ‘ಮಠದ ಶಿಷ್ಯವರ್ಗ’ ಎನ್ನುವಾಗ ಈ ಎರಡನೆಯ ಅರ್ಥವೇ ಪ್ರಧಾನ. ಮೊದಲನೆಯದು ಅಭ್ಯಾಸದಿಂದ ಬರುವುದು, ಎರಡನೆಯದು ಹುಟ್ಟಿನಿಂದ ಬರುವುದು. ಭಾಷಾಂತರಕಾರರಿಗೆ ಬೇಕಾಗಿದ್ದುದು ಮೊದಲನೆಯ ಅರ್ಥ. ಆದರೆ ತಲೆಮಾರುಗಳು ಉರುಳಿದಂತೆ ಎರಡನೆಯ ಅರ್ಥವೂ ಕ್ರೈಸ್ತ ಸಮಾಜದೊಳಕ್ಕೆ ತಾನಾಗಿಯೇ ಪ್ರವೇಶಿಸುವುದು ಸಹಜ. ತಂದೆ ಕ್ರೈಸ್ತನಾದುದರಿಂದ ಮಗನೂ ಕ್ರೈಸ್ತ ಎನ್ನುವಲ್ಲಿ ಕಲಿಕೆಗೆ ಸ್ಥಾನವೆಲ್ಲಿ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ನಮ್ಮ ಎರಡು ಊರುಗಳಲ್ಲಿ ಈ ಪ್ರಶ್ನೆಯು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಬೆಂಕಿಪುರವೆಂಬ ಸಣ್ಣ ಊರು ಭದ್ರಾವತಿಯಾಗಿ ಬೆಳೆದದ್ದು 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಹಾಗೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದ. ದುಡಿಮೆಯನ್ನರಸಿ ತಮಿಳು, ತೆಲುಗು, ಮಲಯಾಳ ಮಾತಾಡುವವರು ಇಲ್ಲಿಗೆ ಬಂದರು; ಕರಾವಳಿಯಿಂದ ಕೊಂಕಣಿ ಕಥೋಲಿಕರು ಘಟ್ಟವನ್ನು ಹತ್ತಿ ಮಲೆನಾಡಿಗೆ ಬಂದರು. ಇವರಲ್ಲಿ ಕ್ರೈಸ್ತರಾಗಿದ್ದವರು ತಮ್ಮ ನಂಬಿಕೆಯನ್ನು ಹುಟ್ಟೂರಿನಿಂದಲೇ ತಂದವರು. ಆದಕಾರಣ ಇಂಥವರ ಸಭೆಗೆ ಇದ್ದ ದೊಡ್ಡ ಹೊಣೆಯು, ತಂದ ನಂಬಿಕೆಯನ್ನು ಮುಂದಿನ ತಲೆಮಾರಿಗೆ ಅರ್ಥವಾಗುವಂತೆ ಕಲಿಸುವುದೇ ಆಗಿತ್ತು. ಶಿವಮೊಗ್ಗವು 1988ರ ನವೆಂಬರ್ 14ರಂದು ಚಿಕ್ಕಮಗಳೂರಿನಿಂದ ಬೇರ್ಪಟ್ಟು ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತವಾದ ಮೇಲೆ ಈ ಹೊಣೆಯನ್ನು ಹೊರುವ ಆಡಳಿತವು ಇಲ್ಲಿಯೇ ನೆಲೆಗೊಂಡಿತು.

ಈ ಕಲಿಕೆಗೆ ಎದುರಾಗುವ ಮೊದಲ ತೊಡಕು ಭಾಷೆಯದು. ಎರಡನೆಯ ವ್ಯಾಟಿಕನ್ ಸಮ್ಮೇಳನವು 1963ರಲ್ಲಿ ಆರಾಧನೆಗೆ ದೇಶಭಾಷೆಗಳನ್ನು ಬಳಸಲು ಅವಕಾಶವಿತ್ತಿತು. ಲ್ಯಾಟಿನ್ ಇದ್ದಾಗ ಅದು ಎಲ್ಲರಿಗೂ ಸಮಾನವಾಗಿ ಪರಭಾಷೆಯಾಗಿತ್ತು. ಅದು ಹೋದ ಬಳಿಕ ಯಾವ ದೇಶಭಾಷೆ ಎಂಬ ಪ್ರಶ್ನೆ ಹುಟ್ಟಿತು. ಅಜ್ಜಿ ಕೊಂಕಣಿಯಲ್ಲಿಯೋ ತಮಿಳಿನಲ್ಲಿಯೋ ಪ್ರಾರ್ಥಿಸುತ್ತಾಳೆ. ಮೊಮ್ಮಗನು ಓದುಬರಹವನ್ನು ಕಲಿತುದು ಕನ್ನಡದಲ್ಲಿ. ಅಜ್ಜಿಯ ಜಪವು ಅವನಿಗೆ ಬಾಯಿಪಾಠವಾಗಿರಬಹುದು, ಆದರೆ ಸಂದೇಹವನ್ನು ಕೇಳಲು, ವಾದಿಸಲು, ಅರಿಯಲು ಅವನಿಗೆ ಒದಗುವ ಭಾಷೆ ಕನ್ನಡವೇ. ಬಾಯಿಪಾಠವು ಪರಂಪರೆಯನ್ನು ಉಳಿಸುತ್ತದೆ. ಪ್ರಶ್ನೆಯು ಶಿಷ್ಯನನ್ನು ಬೆಳೆಸುತ್ತದೆ. ಎರಡರಲ್ಲಿ ಯಾವುದನ್ನು ಬಿಟ್ಟರೂ ನಷ್ಟವುಂಟು.

ಎರಡನೆಯದು ವ್ಯವಸ್ಥೆಯ ವಿಷಯ. ಮೈಸೂರು ಸೀಮೆಯಲ್ಲಿ ಕೆಲಸಮಾಡಿದ ವೆಸ್ಲಿಯನ್ ಮಿಷನ್ನಿನ ಪರಂಪರೆಯಿಂದ ಇದಕ್ಕೊಂದು ನಿದರ್ಶನವನ್ನು ಕೊಡಬಹುದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾಮಂದಿರದ ಸಾಲವನ್ನು ತೀರಿಸಲು ವಾರಕ್ಕೆ ಒಂದು ಪೆನ್ನಿಯಂತೆ ವಂತಿಗೆ ಎತ್ತಬೇಕಾಯಿತು. ಅದಕ್ಕಾಗಿ ಸುಮಾರು ಹನ್ನೆರಡು ಮಂದಿಗೆ ಒಬ್ಬ ನಾಯಕನನ್ನು ನಿಯಮಿಸಿದರು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಆ ಮನೆಗಳ ಕಷ್ಟಸುಖವೂ ನಡೆನುಡಿಯ ಲೋಪವೂ ತಿಳಿದುಬಂದುವು. ಜಾನ್ ವೆಸ್ಲಿ ಅದರ ಪ್ರಯೋಜನವನ್ನು ಕಂಡು, ವಂತಿಗೆಯ ಗುಂಪನ್ನೇ ವಾರಕ್ಕೊಮ್ಮೆ ಸೇರಿ ಪರಸ್ಪರ ವಿಚಾರಿಸಿಕೊಳ್ಳುವ ಕೂಟವನ್ನಾಗಿ ಮಾಡಿದನು. ಶಿಷ್ಯತ್ವವು ಏಕಾಂತದ ಸಾಧನೆ ಮಾತ್ರವಲ್ಲ, ನೆರೆಯವರ ಕಣ್ಣೆದುರಿನ ಅಭ್ಯಾಸವೂ ಹೌದು ಎಂಬ ತತ್ತ್ವವು ಇದರ ಹಿಂದೆ ಇದೆ. ಕಾರ್ಖಾನೆಯ ವಸತಿಗಳಲ್ಲಿ ಇಂಥ ಕೂಟಗಳಿಗೆ ನೆರೆಹೊರೆಯೇ ಆಧಾರ. 2010ರ ದಶಕದಲ್ಲಿ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಂತಹ ಸಂದರ್ಭಗಳಲ್ಲಿ, ದುಡಿಮೆಯೊಡನೆ ಆ ಆಧಾರವೂ ಸಡಿಲವಾಗುತ್ತದೆಂಬುದನ್ನು ಮರೆಯಲಾಗದು.

ಇನ್ನು ಹೊರಗಿನವರೊಡನೆ ನಂಬಿಕೆಯನ್ನು ಹಂಚಿಕೊಳ್ಳುವ ವಿಷಯ. ಸಂವಿಧಾನದ 25ನೆಯ ಅನುಚ್ಛೇದವು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರಮಾಡುವ ಹಕ್ಕನ್ನು ಕೊಟ್ಟಿದೆ. ಪ್ರಸಾರದ ಹಕ್ಕೆಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ತಿಳಿಸುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರವನ್ನು ಕುರಿತ ಕಾಯಿದೆ ಬಂದುದೂ, 2023ರ ಜೂನ್ ತಿಂಗಳಲ್ಲಿ ಅದನ್ನು ರದ್ದುಗೊಳಿಸಲು ಸಚಿವ ಸಂಪುಟವು ತೀರ್ಮಾನಿಸಿದುದೂ ವಾಚಕರಿಗೆ ವಿದಿತವೇ ಆಗಿದೆ. ಈ ವಿವಾದದಲ್ಲಿ ಒಂದು ಪಕ್ಷದವರು ಸಾರುವಿಕೆಯನ್ನೆಲ್ಲ ಆಮಿಷವೆಂದು ಶಂಕಿಸುತ್ತಾರೆ. ಮತ್ತೊಂದು ಪಕ್ಷದವರಲ್ಲಿ ಕೆಲವರು ದೀಕ್ಷೆ ಪಡೆದವರ ಎಣಿಕೆಯನ್ನೇ ಯಶಸ್ಸೆಂದು ಭಾವಿಸುತ್ತಾರೆ. ಶಿಷ್ಯ ಶಬ್ದದ ಮೂಲಾರ್ಥವು ಇಬ್ಬರಿಗೂ ಒಂದು ಎಚ್ಚರಿಕೆ. ಆಮಿಷದಿಂದ ಹೆಸರನ್ನು ಬದಲಾಯಿಸಬಹುದು, ಕಲಿಯುವ ಮನಸ್ಸನ್ನು ಕೊಳ್ಳಲಾಗದು. ಹಾಗೆಯೇ, ಕಲಿಯುವ ಮನಸ್ಸಿರುವವನನ್ನು ಬಲದಿಂದ ತಡೆಯಲೂ ಆಗದು.

ಇಷ್ಟರಿಂದ ಫಲಿಸುವುದೇನೆಂದರೆ, ಹಂಚಿಕೊಳ್ಳುವ ಕಾರ್ಯವೂ ಬೆಳೆಯುವ ಕಾರ್ಯವೂ ಒಂದನ್ನೊಂದು ಬಿಟ್ಟಿರವು. ತಾನು ಕಲಿಯುವುದನ್ನು ನಿಲ್ಲಿಸಿದವನಿಗೆ ಇತರರಿಗೆ ಹೇಳಲು ಹೊಸದೇನೂ ಉಳಿಯುವುದಿಲ್ಲ. ಧರ್ಮಗಳ ಅಧ್ಯಯನದಲ್ಲಿ ತೊಡಗಿದ ವಿದ್ಯಾರ್ಥಿಗಳು ಒಂದು ಸಮಾಜದ ಜನಸಂಖ್ಯೆಯನ್ನು ಎಣಿಸುವುದರೊಡನೆ, ಅದು ತನ್ನ ಮಕ್ಕಳಿಗೆ ಏನನ್ನು, ಯಾವ ಭಾಷೆಯಲ್ಲಿ, ಯಾರ ಮೂಲಕ ಕಲಿಸುತ್ತಿದೆ ಎಂಬುದನ್ನೂ ವಿಚಾರಿಸಬೇಕು. ಈ ವಿಚಾರಣೆಯು ಕ್ರೈಸ್ತರಿಗೆ ಮಾತ್ರವಲ್ಲದೆ, ಶಿಷ್ಯರೆಂಬ ಹೆಸರನ್ನು ಹೊತ್ತ ನಾಡಿನ ಎಲ್ಲ ಸಮಾಜಗಳಿಗೂ ಅನ್ವಯಿಸತಕ್ಕುದಾಗಿದೆ.