ಜಿರಳೆಯ ಜಾಡು

ರಾತ್ರಿ ದೀಪವಾರಿ ಮನೆಯವರೆಲ್ಲರೂ ಮಲಗಿದ ಮೇಲೆ ಅಡುಗೆಮನೆ ಜಿರಳೆಗಳ ವಶವಾಗುತ್ತದೆ. ಬೆಳಕು ಬಿದ್ದೊಡನೆ ಅವು ಸಂದುಗೊಂದುಗಳನ್ನು ಹೊಕ್ಕು ಮರೆಯಾಗುತ್ತವೆ. ಕಂಡ ಕೂಡಲೇ ಪೊರಕೆಯನ್ನೆತ್ತಿಕೊಳ್ಳುವ ವಿದ್ಯೆ ಎಲ್ಲರಿಗೂ ತಿಳಿದದ್ದೇ. ಬಂದಿರುವುದು ಯಾವ ಜಾತಿಯ ಜಿರಳೆಯೆಂದು ನೋಡುವವರು ಮಾತ್ರ ವಿರಳ. ಅದನ್ನು ನೋಡದೆ ಹೂಡಿದ ಕಾಳಗದಲ್ಲಿ ಗೆಲುವು ಸಾಮಾನ್ಯವಾಗಿ ಜಿರಳೆಯದೇ.

ಜಗತ್ತಿನಲ್ಲಿ 4,000ಕ್ಕೂ ಹೆಚ್ಚು ಬಗೆಯ ಜಿರಳೆಗಳುಂಟು. ಅವುಗಳಲ್ಲಿ ಬಹುಪಾಲು ಕಾಡಿನ ತರಗೆಲೆ, ಕೊಳೆತ ಮರಗಳ ನಡುವೆ ಬಾಳುವಂಥವು. ಮನುಷ್ಯನ ಗೊಡವೆಗೆ ಬಾರವು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು. ಒಂದು ಸುಮಾರು 4 ಸೆಂಟಿಮೀಟರ್ ಉದ್ದದ, ಕೆಂಪು ಬೆರೆತ ಕಂದು ಬಣ್ಣದ ದೊಡ್ಡ ಜಿರಳೆ. ಅದರ ತಲೆಯನ್ನು ಮರೆಮಾಡಿರುವ ಗುರಾಣಿಯಂಥ ಭಾಗದ ಅಂಚು ಹಳದಿ. ಇದಕ್ಕೆ ಅಮೆರಿಕದ ಜಿರಳೆಯೆಂದು ಹೆಸರು. ಇನ್ನೊಂದು ಪೂರ್ಣ ಬೆಳೆದರೂ ಸುಮಾರು ಒಂದೂವರೆ ಸೆಂಟಿಮೀಟರಿನಷ್ಟೇ. ತಿಳಿಗಂದು ಬಣ್ಣದ ಅದರ ಗುರಾಣಿಯ ಮೇಲೆ ಎರಡು ಕಪ್ಪು ಗೆರೆಗಳು ಸಮಾನಾಂತರವಾಗಿ ಎಳೆದಂತಿರುತ್ತವೆ. ಇದು ಜರ್ಮನಿಯ ಜಿರಳೆ. ಇದನ್ನು ದೊಡ್ಡದರ ಮರಿಯೆಂದು ಭಾವಿಸುವವರು ಬಹಳ. ಆದರೆ ಮರಿಗೆ ರೆಕ್ಕೆಗಳಿರುವುದಿಲ್ಲ. ಆ ಗಾತ್ರದಲ್ಲಿ ರೆಕ್ಕೆಯೂ ಎರಡು ಗೆರೆಯೂ ಕಂಡರೆ ಅದು ಪ್ರಾಯಕ್ಕೆ ಬಂದ ಜರ್ಮನಿಯ ಜಿರಳೆಯೇ ಸರಿ.

ಹೆಸರನ್ನು ನಂಬಿ ಅವುಗಳ ತವರನ್ನು ನಿರ್ಧರಿಸಲಾಗದು. ಅಮೆರಿಕದ ಜಿರಳೆಯ ಮೂಲ ಆಫ್ರಿಕವೆಂಬುದು ವಿಜ್ಞಾನಿಗಳ ಮತ. ಜರ್ಮನಿಯ ಹೆಸರನ್ನು ಇನ್ನೊಂದಕ್ಕೆ 1767ರಲ್ಲಿ ಅಂಟಿಸಿದವನು ಸ್ವೀಡನ್ನಿನ ಲಿನೇಯಸ್. ಅದು ಸುಮಾರು 2,100 ವರ್ಷಗಳ ಹಿಂದೆ ಭಾರತದಲ್ಲೋ ಮ್ಯಾನ್ಮಾರಿನಲ್ಲೋ ಏಷ್ಯದ ಬಯಲು ಜಿರಳೆಯೊಂದರಿಂದ ಕವಲೊಡೆದು ಮನುಷ್ಯನ ಆಶ್ರಯಕ್ಕೆ ಬಂದಿತೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಪರದೇಶಿಯೆಂದು ನಾವು ಬಯ್ಯುವ ಪ್ರಾಣಿ ನಮ್ಮ ನೆರೆಹೊರೆಯದೇ ಆದಂತಾಯಿತು!

ಜಿರಳೆ ಕಣ್ಣಿಗೆ ಬೀಳದಿದ್ದರೂ ಅದರ ಜಾಡು ಉಳಿದಿರುತ್ತದೆ. ಮುಖ್ಯವಾದುದು ಹಿಕ್ಕೆ. ಚಿಕ್ಕ ಜಿರಳೆಯ ಹಿಕ್ಕೆ ಕಪಾಟಿನ ಮೂಲೆಯಲ್ಲಿ ಕಾಫಿಪುಡಿ ಚೆಲ್ಲಿದಂತೆ, ಬಾಗಿಲ ಕೀಲಿನ ಬಳಿ ಶಾಯಿಯ ಚುಕ್ಕೆಗಳಂತೆ ಕಾಣುತ್ತದೆ. ದೊಡ್ಡದರ ಹಿಕ್ಕೆಯನ್ನು ಇಲಿಯದೆಂದು ತಿಳಿದು ಬೋನು ತರುವವರೂ ಉಂಟು. ಇಲಿಯ ಹಿಕ್ಕೆಯ ತುದಿ ಚೂಪು. ಜಿರಳೆಯದು ಮೊಂಡು, ಮೈಮೇಲೆ ಉದ್ದುದ್ದನೆಯ ಗೀರುಗಳು. ಮೊಟ್ಟೆಯ ಕೋಶವೂ ಗುರುತನ್ನು ಹೇಳುತ್ತದೆ. ದೊಡ್ಡ ಜಿರಳೆ ಹುರುಳಿಕಾಳಿಗಿಂತ ತುಸು ದೊಡ್ಡದಾದ ಕಪ್ಪುಗಂದು ಕೋಶವನ್ನು ಮರೆಯಲ್ಲೆಲ್ಲೋ ಅಂಟಿಸಿ ಹೋಗುತ್ತದೆ. ಅದರಲ್ಲಿ ಸುಮಾರು 15 ಮೊಟ್ಟೆಗಳು. ಚಿಕ್ಕದು 30-40 ಮೊಟ್ಟೆಗಳ ಕೋಶವನ್ನು ಮರಿಯೊಡೆಯುವ ಹೊತ್ತಿನವರೆಗೂ ಬಾಲದ ತುದಿಯಲ್ಲಿ ಹೊತ್ತೇ ತಿರುಗುತ್ತದೆ. ಅದರ ಸಂತಾನ ಬೇಗ ಹಬ್ಬುವುದಕ್ಕೆ ಇದೂ ಒಂದು ಕಾರಣ. ಮರಿಗಳು ಬೆಳೆಯುತ್ತ ಕಳಚಿದ ಪೊರೆಗಳೂ ಮೂಲೆಗಳಲ್ಲಿ ಸಿಗುತ್ತವೆ. ಪೊರೆಬಿಟ್ಟ ಜಿರಳೆ ಕೆಲವು ಗಂಟೆಗಳ ಕಾಲ ಬೆಳ್ಳಗಿರುತ್ತದೆ. ಹೊಸ ಜಾತಿಯೆಂದು ಬೆರಗಾಗಬೇಕಿಲ್ಲ. ಪಾತ್ರೆಗಳಿಗೂ ಹಿಡಿಯುವ ಕಮಟು ವಾಸನೆ, ಹಾಡಹಗಲಲ್ಲೇ ಜಿರಳೆಗಳ ಓಡಾಟ, ಇವೆರಡು ಕಂಡರೆ ಸಂದುಗಳಲ್ಲಿ ಸ್ಥಳ ಸಾಲದಷ್ಟು ಅವು ಹೆಚ್ಚಿವೆಯೆಂದು ತಿಳಿಯಬಹುದು.

ಈ ಪರೀಕ್ಷೆ ಕೇವಲ ಕುತೂಹಲಕ್ಕಲ್ಲ. ಹಿಕ್ಕೆ, ಪೊರೆಗಳ ಪುಡಿ ಗಾಳಿಯಲ್ಲಿ ಬೆರೆತು ಉಸಿರಿನೊಡನೆ ಒಳಹೋದರೆ ಕೆಲವು ಮಕ್ಕಳಿಗೆ ಉಬ್ಬಸ ಕೆರಳುತ್ತದೆ. ಚರಂಡಿಯಲ್ಲಿ ನಡೆದ ಕಾಲುಗಳೇ ಅನ್ನದ ತಟ್ಟೆಯ ಮೇಲೂ ನಡೆಯುತ್ತವೆ.

ದೊಡ್ಡ ಜಿರಳೆ ಮೋರಿ, ಒಳಚರಂಡಿಗಳಲ್ಲಿ ನೆಲೆಸಿ ಅಲ್ಲಿಂದ ಬರುವುದರಿಂದ ಬಚ್ಚಲಿನ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಚಿಕ್ಕದಕ್ಕೆ ಜಾಲರಿ ವ್ಯರ್ಥ. ಸಾಮಾನಿನ ಪೆಟ್ಟಿಗೆಯೊಡನೆ ಒಳಬಂದು, ಒಲೆಯ ಹಿಂದೆಯೋ ಶೀತಕಪೆಟ್ಟಿಗೆಯ ಅಡಿಯಲ್ಲೋ ಅದು ಸಂಸಾರ ಹೂಡಿರುತ್ತದೆ. ಹಲವು ಕೀಟನಾಶಕಗಳನ್ನು ಅದು ಜೀರ್ಣಿಸಿಕೊಂಡಿದೆ. ವಿಷ ಬೆರೆಸಿದ ಸಿಹಿಯನ್ನು ಕಂಡು ಮುಖ ತಿರುಗಿಸುವ ಪೀಳಿಗೆಯೂ ಹುಟ್ಟಿರುವುದನ್ನು ಅಮೆರಿಕದ ಸಂಶೋಧಕರು 1993ರಲ್ಲಿ ವರದಿಮಾಡಿದರು. ಆದ್ದರಿಂದ ಬಿರುಕುಗಳನ್ನು ಮುಚ್ಚಿ, ರಾತ್ರಿ ಎಂಜಲನ್ನೂ ನೀರಿನ ಪಸೆಯನ್ನೂ ಉಳಿಸದೆ, ಹಿಕ್ಕೆ ಕಂಡ ಸ್ಥಳದಲ್ಲಿಯೇ ಮದ್ದಿಡಬೇಕು. ಕೋಶದೊಳಗಿನ ಮೊಟ್ಟೆಗಳಿಗೆ ಮದ್ದು ಸುಲಭವಾಗಿ ತಾಕುವುದಿಲ್ಲ. ಅವು ಒಡೆಯುವಷ್ಟು ಕಾಲ, ಅಂದರೆ ಮೂರು ನಾಲ್ಕು ವಾರ ಬಿಟ್ಟು, ಒಂದು ರಾತ್ರಿ ದೀಪ ಹಿಡಿದು ಅದೇ ಸಂದುಗಳನ್ನು ಮತ್ತೊಮ್ಮೆ ನೋಡಬೇಕು.