ಮೂತ್ರಕೋಶ ಬೆಳೆಸಿದ ಪ್ರಯೋಗಾಲಯ

ಅಮೆರಿಕದ ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂ ಹೆಸರಾಗಿದ್ದದ್ದು ಸಿಗರೇಟಿಗೆ. ‘ವಿನ್‌ಸ್ಟನ್’, ‘ಸೇಲಂ’ ಬ್ರ್ಯಾಂಡ್‌ಗಳಿಗೆ ಹೆಸರು ಬಂದದ್ದೇ ಈ ಊರಿನಿಂದ. ಶ್ವಾಸಕೋಶ ಸುಡುವ ಸರಕು ಮಾರಿದ ಊರಿನಲ್ಲಿ ಈಗ ಅಂಗಾಂಗ ಬೆಳೆಸುವ ಕೆಲಸ ನಡೆದಿದೆ! ಅದನ್ನು ಮಾಡುತ್ತಿರುವ ವೇಕ್ ಫಾರೆಸ್ಟ್ ಪುನರುತ್ಪಾದಕ ವೈದ್ಯಕೀಯ ಸಂಸ್ಥೆಯ ಮುಖ್ಯಸ್ಥರು ಮೂತ್ರರೋಗ ತಜ್ಞ ಡಾ. ಆಂಟನಿ ಅಟಾಲಾ. 2004ರಲ್ಲಿ ಬಾಸ್ಟನ್ನಿನಿಂದ ತಂಡ ಕಟ್ಟಿಕೊಂಡು ಇಲ್ಲಿಗೆ ಬಂದವರು.

ಅವರಿಗೆ ಹೆಸರು ತಂದದ್ದು ಬಾಸ್ಟನ್ನಿನಲ್ಲೇ ಶುರುವಾಗಿದ್ದ ಮೂತ್ರಕೋಶದ ಕೆಲಸ. ಬೆನ್ನುಹುರಿಯ ಹುಟ್ಟುದೋಷದಿಂದ ಮೂತ್ರಕೋಶ ಬಿಗಿದುಕೊಂಡ ಮಕ್ಕಳಿಗೆ ಕರುಳಿನ ತುಂಡು ಹೊಲಿದು ಅದನ್ನು ದೊಡ್ಡದು ಮಾಡುವುದು ರೂಢಿ. ಆದರೆ ಕರುಳಿನ ಗುಣ ಹೀರಿಕೊಳ್ಳುವುದು; ಹೊರಹೋಗಬೇಕಾದದ್ದು ಮತ್ತೆ ರಕ್ತ ಸೇರುತ್ತದೆ. ಅಟಾಲಾ ರೋಗಿಯ ಮೂತ್ರಕೋಶದಿಂದಲೇ ಚಿಕ್ಕ ಚೂರು ತೆಗೆದು, ಸ್ನಾಯುವಿನ ಕೋಶಗಳನ್ನೂ ಒಳಪದರದ ಕೋಶಗಳನ್ನೂ ಬೇರೆಬೇರೆಯಾಗಿ ಬೆಳೆಸಿದರು. ಕೊಲಾಜೆನ್ ಮತ್ತು ದೇಹದಲ್ಲಿ ಕರಗಿಹೋಗುವ ಪಾಲಿಮರಿನಿಂದ ಮೂತ್ರಕೋಶದ ಆಕಾರದ ಹಂದರ ಮಾಡಿ, ಹೊರಮೈಗೆ ಸ್ನಾಯುಕೋಶ, ಒಳಮೈಗೆ ಒಳಪದರದ ಕೋಶ ಬಿತ್ತಿದರು. ಸುಮಾರು ಏಳು ವಾರಕ್ಕೆ ಅದು ಹೊಲಿಯಲು ಸಿದ್ಧ. ಸ್ವಂತ ಕೋಶಗಳಾದ್ದರಿಂದ ದೇಹ ಒಲ್ಲೆ ಎನ್ನುವ ಭಯವಿಲ್ಲ. ಏಳು ರೋಗಿಗಳ ವರದಿ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಾಗ ಜಗತ್ತೇ ಕಣ್ಣರಳಿಸಿತು.

ಮುಂದಿನ ಕಥೆಯನ್ನು ಹೇಳುವವರು ಕಡಿಮೆ. ಇದೇ ದಾರಿಯಲ್ಲಿ ನಡೆದ ಎರಡನೇ ಹಂತದ ಪ್ರಯೋಗದ ಫಲಿತಾಂಶ 2014ರಲ್ಲಿ ಹೊರಬಂತು. ಮೂತ್ರ ಹಿಡಿದಿಡುವ ಸಾಮರ್ಥ್ಯ ಸುಧಾರಿಸಿರಲಿಲ್ಲ. ಗಂಭೀರ ತೊಂದರೆಗಳು ಸಹಿಸುವ ಮಿತಿ ದಾಟಿದ್ದವು.

ಟೊಳ್ಳು ಅಂಗದ ಪಾಡೇ ಹೀಗಾದರೆ ಗಟ್ಟಿ ಅಂಗಗಳದ್ದು ಇನ್ನೂ ಕಷ್ಟ. ಕಿಡ್ನಿ, ಲಿವರ್‌ಗಳ ಒಳಗೆಲ್ಲ ರಕ್ತನಾಳಗಳ ಜಾಲ. ನಾಳದಿಂದ ಕೂದಲೆಳೆಯ ಒಂದೆರಡು ಪಟ್ಟು ದೂರವಾದರೂ ಕೋಶಕ್ಕೆ ಉಸಿರು ಕಟ್ಟುತ್ತದೆ. ದಪ್ಪ ಅಂಗಾಂಶವನ್ನು 30 ದಿನ ಜೀವಂತ ಇಡುವ ನಾಸಾದ ಸ್ಪರ್ಧೆಯಲ್ಲಿ 2021ರಲ್ಲಿ ಮೊದಲ ಎರಡೂ ಬಹುಮಾನ ಗೆದ್ದದ್ದು ಈ ಸಂಸ್ಥೆಯ ತಂಡಗಳೇ. 3ಡಿ ಮುದ್ರಣದಿಂದ ಮಾಡಿದ ಲಿವರ್ ಅಂಗಾಂಶಕ್ಕೆ. ಅದರ ದಪ್ಪ? ಸುಮಾರು ಒಂದು ಸೆಂಟಿಮೀಟರ್. ಸಾಧನೆ ದೊಡ್ಡದೇ, ಆದರೆ ಅದು ಲಿವರ್ ಅಲ್ಲ.

ಕರ್ನಾಟಕದಲ್ಲಿ ಅಂಗಕ್ಕಾಗಿ ಕಾಯುವವರ ಪಟ್ಟಿ ನೋಡಿಕೊಳ್ಳುವುದು ‘ಜೀವಸಾರ್ಥಕತೆ’. ಅಲ್ಲಿ ಉದ್ದನೆಯ ಸರತಿ ಕಿಡ್ನಿಯದು. ಡಯಾಲಿಸಿಸ್ ಕುರ್ಚಿಯಲ್ಲಿ ಕೂತವರಿಗೆ ಪ್ರಯೋಗಾಲಯದ ಕಿಡ್ನಿ ಬರುವವರೆಗೆ ಕಾಯಿರಿ ಎನ್ನಲಾಗದು. ಅಂಗದಾನಕ್ಕೆ ಹೆಸರು ನೋಂದಾಯಿಸಿ, ಮನೆಯವರಿಗೂ ತಿಳಿಸಿಡಿ: ಮಿದುಳು ನಿಷ್ಕ್ರಿಯವಾದಾಗ ಸಹಿ ಹಾಕಬೇಕಾದವರು ಅವರೇ.