ಬುಧವಾರವೂ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ

2023ರ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟಿಸುವಾಗ ಆಗಿನ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್ ಒಂದು ಗುಟ್ಟನ್ನೂ ಬಿಟ್ಟುಕೊಟ್ಟರು. ಮೇ 10 ಬುಧವಾರ. ಅದನ್ನು ಬೇಕೆಂದೇ ವಾರದ ನಡುವೆ ಇಟ್ಟಿದ್ದರು. ಸೋಮವಾರವೋ ಶುಕ್ರವಾರವೋ ಆದರೆ ಶನಿವಾರ, ಭಾನುವಾರದ ಜೊತೆ ಗಂಟು ಹಾಕಿ ಜನ ಪ್ರವಾಸಕ್ಕೆ ಹೊರಟುಬಿಡುತ್ತಾರಲ್ಲ! ಈ ಮಾತು ಯಾರಿಗೆ ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಬುಧವಾರ ಬಂತು, ಹೋಯಿತು. ರಾಜ್ಯದ ಸರಾಸರಿ ಶೇ 73 ದಾಟಿತು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ರಾಜಧಾನಿ ಶೇ 55ರ ಆಸುಪಾಸಿನಲ್ಲೇ ಕುಳಿತಿತ್ತು. ಮರುವರ್ಷದ ಲೋಕಸಭೆ ಚುನಾವಣೆಯಲ್ಲಿ ನಗರದ ಸರದಿ ಬಂದದ್ದು ಏಪ್ರಿಲ್ 26ರ ಶುಕ್ರವಾರ. ಮಾರನೇ ದಿನ ನಾಲ್ಕನೇ ಶನಿವಾರ, ಆಮೇಲೆ ಭಾನುವಾರ. ಪ್ರವಾಸಪ್ರಿಯರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು. ಆದರೂ ಬೆಂಗಳೂರು ದಕ್ಷಿಣದಲ್ಲಿ ಶೇ 53, ಕೇಂದ್ರದಲ್ಲಿ ಶೇ 54. ರಜೆ ಕೂಡಿಬಂದರೂ ಅಷ್ಟೇ, ಬರದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದ ಮೇಲೆ ನಂದಿಬೆಟ್ಟವನ್ನು ಬೈದು ಏನು ಪ್ರಯೋಜನ?

ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಮಂಡ್ಯ ಜಿಲ್ಲೆಯ ನಾಗಮಂಗಲದ ಕಡೆಯವನು. ಆ ಶುಕ್ರವಾರದ ಹಿಂದಿನ ದಿನ ಮಧ್ಯಾಹ್ನವೇ ಬ್ಯಾಗು ಕಟ್ಟಿದ್ದ. ‘ಊರಲ್ಲಿ ವೋಟೈತೆ ಸಾರ್’ ಅಂದ. ಹತ್ತು ವರ್ಷದಿಂದ ಇಲ್ಲೇ ಇದ್ದೀಯಲ್ಲ, ಇಲ್ಲಿಗೇ ವರ್ಗ ಮಾಡಿಸಿಕೊಳ್ಳಬಾರದೇ ಎಂದು ಕೇಳಿದೆ. ನಕ್ಕುಬಿಟ್ಟ. ‘ಇಲ್ಲಿ ಹಾಕ್ಲಿಲ್ಲ ಅಂದ್ರೆ ಯಾರ್ ಕೇಳ್ತಾರೆ ಸಾರ್? ಅಲ್ಲಿ ಹೋಗ್ಲಿಲ್ಲ ಅಂದ್ರೆ ನಮ್ಮಪ್ಪನ್ನ ಕೇಳ್ತಾರೆ, ಯಾಕೆ, ಮಗ ಬರ್ಲಿಲ್ವಾ ಅಂತ.’

ಆ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದ ಮತದಾನ ಶೇ 81 ಮೀರಿತು. ಅದರಲ್ಲಿ ಬೆಂಗಳೂರಿನಿಂದ ಬಸ್ಸು ಹತ್ತಿ ಹೋದ ಬೆರಳುಗಳು ಎಷ್ಟಿದ್ದವೋ.

ಇನ್ನು ಪಟ್ಟಿಯ ಕಥೆ. ನಮ್ಮ ಮನೆಯ ಡೋರ್ ನಂಬರಿನಲ್ಲಿ ನಾವಿಬ್ಬರು ಮತದಾರರು, ಜೊತೆಗೆ ನಾವು ಮುಖವನ್ನೇ ನೋಡದ ಮೂವರು ಹಳೆಯ ಬಾಡಿಗೆದಾರರು. ಮನೆ ಬದಲಿಸುವಾಗ ಗ್ಯಾಸ್ ಬದಲಿಸುತ್ತೇವೆ, ಇಂಟರ್ನೆಟ್ ಬದಲಿಸುತ್ತೇವೆ, ಹಾಲಿನವನಿಗೂ ಹೇಳಿ ಹೋಗುತ್ತೇವೆ. ನಮೂನೆ 8 ತುಂಬಿ ವಿಳಾಸ ಬದಲಿಸುವುದು ಮಾತ್ರ ನೆನಪಾಗದು. ಪಟ್ಟಿ ಪರಿಶೀಲಿಸಲು ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಬರುವ ಶಿಕ್ಷಕಿಯೋ ಅಂಗನವಾಡಿ ಕಾರ್ಯಕರ್ತೆಯೋ ನಾಲ್ಕು ಮಹಡಿ ಹತ್ತಿದರೆ ಎದುರಾಗುವುದು ಬೀಗ. ಕೆಲವು ಕಡೆ ಗೇಟಿನೊಳಗೇ ಬಿಡುವುದಿಲ್ಲ. ಹೀಗೆ ಉಳಿದ ಹೆಸರುಗಳೆಲ್ಲ ಮತದಾನದ ದಿನ ಗೈರುಹಾಜರಿ ಲೆಕ್ಕಕ್ಕೆ ಜಮೆ. ನಮ್ಮ ಮನೆಯಲ್ಲಿ ಐವರ ಪೈಕಿ ಇಬ್ಬರು ಮತ ಹಾಕಿದೆವು: ಶೇ 40. ನಗರದ ಸೋಮಾರಿಗಳೇನೂ ಕಡಿಮೆಯಿಲ್ಲ, ಅವರ ಪರ ವಕಾಲತ್ತು ನನಗೆ ಬೇಡ. ಆದರೆ ಬೆಂಗಳೂರಿನ ಶೇಕಡಾವಾರು ಓದುವಾಗ ಈ ಮೂವರನ್ನೂ ನೆನೆಯಬೇಕು.

ಮತ ಹಾಕಿ ಬಂದವರಿಗೆ ಹೋಟೆಲಿನವರು ದೋಸೆ ಕೊಟ್ಟರು. ಒಳ್ಳೆಯದೇ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಬೆಂಗಳೂರು ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಕಾರ್ಪೊರೇಟರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಆಡಳಿತಾಧಿಕಾರಿಗಳ ಕಾರುಬಾರು. 2025ರಲ್ಲಿ ಪಾಲಿಕೆಯೇ ಒಡೆದು ಐದಾಯಿತು, ಅಲ್ಲಿಯತನಕ ಚುನಾವಣೆ ಆಗಲೇ ಇಲ್ಲ. ಅದೇ 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆಯೇ, ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತದಲ್ಲಿ ಚುನಾವಣೆ ನಡೆಯಿತು. ಮಾಸ್ಕ್ ಹಾಕಿಕೊಂಡು ಸಾಲಿನಲ್ಲಿ ನಿಂತ ಹಳ್ಳಿಗರು ಶೇ 80ರಷ್ಟು ಮತ ಹಾಕಿದರು. ಚರಂಡಿ, ಕಸ, ಬೀದಿದೀಪಕ್ಕೆ ಯಾರ ಮನೆ ಬಾಗಿಲು ಬಡಿಯಬೇಕೆಂಬುದು ಅವರಿಗೆ ಗೊತ್ತು. ನಮ್ಮ ವಾರ್ಡಿನಲ್ಲಿ ಬಡಿಯಲು ಬಾಗಿಲೇ ಇರಲಿಲ್ಲ. ಐದು ವರ್ಷಕ್ಕೊಮ್ಮೆ ಅಭ್ಯಾಸವಾಗಬೇಕಾದ ಕೆಲಸವನ್ನು ತಪ್ಪಿಸಿ, ಬಳಿಕ ‘ನಗರದವರಿಗೆ ಮತದಾನದ ಅಭ್ಯಾಸವಿಲ್ಲ’ ಎಂದು ಜಾಥಾ ತೆಗೆದರೆ ಹೇಗೆ?

ಕಾವಲುಗಾರ ಭಾನುವಾರ ರಾತ್ರಿ ಮರಳಿದ. ಕೈಚೀಲದಲ್ಲಿ ನಾಲ್ಕು ತೆಂಗಿನಕಾಯಿ, ಎಡ ತೋರುಬೆರಳಿನ ಉಗುರಿನ ಮೇಲೆ 1962ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ಶಾಯಿ. ಕಾಯಿ ಕೊಡಲು ಬಂದವನು ಫ್ರಿಜ್ಜಿನ ಮೇಲಿದ್ದ ಮೂರು ಮತದಾರರ ಚೀಟಿಗಳನ್ನು ನೋಡಿದ. ಆ ಹಳೆಯ ಬಾಡಿಗೆದಾರರವು.

‘ಇವ್ರು ಬಂದಿದ್ರಾ ಸಾರ್?’